ಅದ್ಭುತ–ಭಯಾನಕ ಸಣ್ಣಕತೆ

ನಿಸರ್ಗನಿಯಮ ಮೀರಿದ ಘಟನೆಯಿಂದ ಬೆರಗನ್ನೋ ಭೀತಿಯನ್ನೋ ಮೂಡಿಸುವ ಕಿರುಗದ್ಯ ಕಥನ. ಅದ್ಭುತ, ಭಯಾನಕ ಎರಡೂ ಭಾರತೀಯ ಕಾವ್ಯಮೀಮಾಂಸೆಯ ನವರಸಗಳಲ್ಲಿ ಸೇರಿವೆ.

ಮೂಲ: ಕನ್ನಡದಲ್ಲಿ ಇದರ ಬೇರುಗಳು 19 ಕತೆಗಳ ವಡ್ಡಾರಾಧನೆ, ಬೇತಾಳ ಕತೆಗಳು ಹಾಗೂ ಮೌಖಿಕ ಪರಂಪರೆಯಲ್ಲಿವೆ. ಈ ಪರಂಪರೆ ನಾಟಕಕ್ಕೂ ಒದಗಿದೆ: ಜಾನಪದ ವಿದ್ವಾಂಸ ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕತೆಗಳನ್ನು ಗಿರೀಶ ಕಾರ್ನಾಡರು ‘ನಾಗಮಂಡಲ’ (1988) ನಾಟಕವಾಗಿಸಿದರು.

ಶಕ್ತಿ: ಒಂದೇ ಪರಿಣಾಮದತ್ತ ಸಾಗುವ ಬಿಗಿ; ಹೇಳದೆ ಉಳಿಸುವ ಅವಕಾಶ; ಅದುಮಿಟ್ಟ ನೋವಿಗೆ ರೂಪ ಕೊಡುವ ಸಾಮರ್ಥ್ಯ. ರಾಮಾನುಜನ್ ಸಂಗ್ರಹಿಸಿದ ಕತೆಯೊಂದರಲ್ಲಿ ಹುಡುಗಿ ಒಂದು ಕೊಡ ನೀರಿಗೆ ಹೂಮರವಾಗಿ, ಇನ್ನೊಂದಕ್ಕೆ ಮತ್ತೆ ಮನುಷ್ಯಳಾಗುತ್ತಾಳೆ. ಕೊಂಬೆ ಮುರಿದರೆ ಅವಳ ಅಂಗವೇ ಊನ. ಈ ಒಂದು ನಿಯಮದಲ್ಲೇ ಹೆಣ್ಣಿನ ಬಾಳಿನ ಅಭದ್ರತೆ ಅಡಗಿದೆ. ದೆವ್ವವನ್ನು ಸಾಗಹಾಕಲು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುವಂಥ ನಂಬಿಕೆಗಳು ಭಯವನ್ನು ಮನೆಯಂಗಳಕ್ಕೇ ತರುತ್ತವೆ.

ಮಿತಿ: ಕಲ್ಪಿತ ಲೋಕವನ್ನು ನಂಬಿಸಲು ಸ್ಥಳಾಭಾವ; ಅಮಾವಾಸ್ಯೆ, ಹುಣಸೆಮರ, ಬಿಳಿಸೀರೆಯ ಮೋಹಿನಿ ಮುಂತಾದ ಸವಕಲು ಸಾಮಗ್ರಿ; ಎಲ್ಲವೂ ಕನಸೆಂದು ಮುಗಿಸುವ ಜಾಡು; ಮರುಓದಿಗೆ ಉಳಿಯದ ಬರಿಯ ಬೆಚ್ಚಿಸುವಿಕೆ.

ಮಹತ್ವ: ವಾಸ್ತವವಾದಿ ಕತೆ ನೇರವಾಗಿ ಮುಟ್ಟಲಾರದ ಆಸೆ, ಅಪರಾಧಪ್ರಜ್ಞೆ, ಸಾವಿನ ಅಂಜಿಕೆಗಳಿಗೆ ಈ ಪ್ರಕಾರ ದನಿ ನೀಡುತ್ತದೆ; ಜನಪದ ಸ್ಮೃತಿಯನ್ನು ಲಿಖಿತ ಸಾಹಿತ್ಯಕ್ಕೆ ಜೋಡಿಸುತ್ತದೆ.