ಪರದೆಯ ರಾಕ್ಷಸನಿಗೆ ಬೆಲೆ ಕಟ್ಟುವುದು ಹೇಗೆ?



ಈ ಸಲ ರಜೆಗೆ ಬೆಂಗಳೂರಿನಿಂದ ರತ್ನಗಿರಿಗೆ ಬಂದ ನಮ್ಮ ಮೊಮ್ಮಗ ಒಂದು ರಾಕ್ಷಸನ ಗೊಂಬೆಯನ್ನು ಜೊತೆಗೆ ತಂದಿದ್ದ. ಗಾಡ್ಜಿಲ್ಲಾ ಎಂದು ಅದರ ಹೆಸರು. 1954ರಲ್ಲಿ ಜಪಾನಿನ ಸಿನಿಮಾದಲ್ಲಿ ಮೊದಲು ಕಾಣಿಸಿಕೊಂಡ ದೈತ್ಯ ಪ್ರಾಣಿ ಅದು. ಗೊಂಬೆ ಇನ್ನೂ ಪೆಟ್ಟಿಗೆಯಲ್ಲೇ ಇತ್ತು. "ಯಾಕಪ್ಪಾ, ಬಿಚ್ಚಿ ಆಡೋದಿಲ್ವೇನು?" ಎಂದು ಕೇಳಿದೆ. "ಬಿಚ್ಚಿದರೆ ಬೆಲೆ ಹೋಗುತ್ತೆ ತಾತಾ" ಎಂದ. ಇಂಥ ಗೊಂಬೆಗಳನ್ನು ಕೂಡಿಡುವವರು ಲೋಕದ ತುಂಬ ಇದ್ದಾರೆ. ಕೈಕಾಲಿನ ಕೀಲುಗಳೆಷ್ಟು, ಅವು ಸಲೀಸಾಗಿ ತಿರುಗುತ್ತವೆಯೇ, ಬಣ್ಣ ಗೆರೆ ದಾಟಿದೆಯೇ, ಮುಖ ಸಿನಿಮಾದ ಮುಖವನ್ನು ಹೋಲುತ್ತದೆಯೇ, ಪೆಟ್ಟಿಗೆ ನಲುಗಿದೆಯೇ ಎಂದು ಒಂದೊಂದನ್ನೇ ನೋಡಿ ಅವರು ಬೆಲೆ ಕಟ್ಟುತ್ತಾರೆ.

ನನಗೆ ಆಗ ನೆನಪಾದವನು ನಮ್ಮದೇ ರಾಕ್ಷಸ. ಸಿನಿಮಾ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಬಿಳಿ ಪರದೆಯ ಮೇಲೆ ಹಲ್ಲು ಕಡಿದು ಕುಣಿದ ತೊಗಲು ಗೊಂಬೆಯ ರಾವಣ. ಅವನಿಗೂ ಕೀಲುಗಳಿವೆ, ಬಣ್ಣವಿದೆ. ಈಗ ಅವನನ್ನೂ ಕೂಡಿಡುವವರಿದ್ದಾರೆ. ಆದರೆ ಪೆಟ್ಟಿಗೆ ಬಿಚ್ಚದ ಗೊಂಬೆಯ ಲೆಕ್ಕದಲ್ಲಿ ಅವನಿಗೆ ಬೆಲೆ ಕಟ್ಟಿದರೆ ತಪ್ಪಾಗುತ್ತದೆ. ಆ ತಪ್ಪನ್ನು ನಾನೇ ಮಾಡಿದ್ದೇನೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಸ್ವಲ್ಪ ಚರಿತ್ರೆ. ಪಾಲ್ಕುರಿಕೆ ಸೋಮನಾಥನ ಹೆಸರನ್ನು ನೀವು ಕೇಳಿದ್ದೀರಿ. ಕನ್ನಡ, ತೆಲುಗು ಎರಡೂ ಭಾಷೆಗಳು ತಮ್ಮವನೆಂದು ಹೇಳಿಕೊಳ್ಳುವ ವೀರಶೈವ ಕವಿ. ಆತನ ತೆಲುಗಿನ 'ಪಂಡಿತಾರಾಧ್ಯ ಚರಿತ್ರ'ದಲ್ಲಿ ತೊಗಲು ಗೊಂಬೆಯಾಟದ ಪ್ರಸ್ತಾಪ ಬರುತ್ತದೆ. ಎಂದರೆ ಏಳು ಶತಮಾನಗಳ ಹಿಂದೆಯೇ ಈ ಆಟ ಜನರಿಗೆ ಪರಿಚಿತವಾಗಿತ್ತು.

ಇನ್ನೊಂದು ಸಾಕ್ಷಿ ನಮಗೆ ಹತ್ತಿರದಲ್ಲೇ ಇದೆ. ವಿಜಯನಗರದ ಅಚ್ಯುತದೇವರಾಯನ ಕಾಲದಲ್ಲಿ, 16ನೆಯ ಶತಮಾನದಲ್ಲಿ, ಬೆಳೆದ ಲೇಪಾಕ್ಷಿ ದೇವಸ್ಥಾನಕ್ಕೆ ನೀವು ಒಮ್ಮೆಯಾದರೂ ಹೋಗಿರುತ್ತೀರಿ. ಇನ್ನೊಮ್ಮೆ ಹೋದಾಗ ತಲೆ ಎತ್ತಿ ಛಾವಣಿಯ ಚಿತ್ರಗಳನ್ನು ನೋಡಿ. ಪಕ್ಕಕ್ಕೆ ತಿರುಗಿದ ಮುಖ, ಚೂಪಾದ ಮೂಗು, ಅಗಲವಾಗಿ ತೆರೆದ ಕಣ್ಣು, ಬಟ್ಟೆಯ ತುಂಬ ಬಳ್ಳಿ ಮತ್ತು ಚುಕ್ಕಿ. ತೊಗಲು ಗೊಂಬೆ ನೋಡಿದವರಿಗೆ ಈ ಮುಖಗಳು ನೆಂಟರ ಮುಖಗಳ ಹಾಗೆ ಕಾಣುತ್ತವೆ. ಗೋಡೆಯಿಂದ ಗೊಂಬೆಗೆ ಬಂತೋ, ಗೊಂಬೆಯಿಂದ ಗೋಡೆಗೆ ಹೋಯಿತೋ ಎಂಬುದನ್ನು ಪಂಡಿತರು ವಾದಿಸಲಿ. ಎರಡೂ ಈ ಸೀಮೆಯ ಕಣ್ಣಿನಲ್ಲೇ ಮೂಡಿದವು ಎನ್ನುವುದಕ್ಕೆ ವಾದ ಬೇಕಾಗಿಲ್ಲ.

ಆಟ ಆಡಿಸುವವರನ್ನು ಕನ್ನಡದಲ್ಲಿ ಕಿಳ್ಳೇಕ್ಯಾತರು, ಸಿಳ್ಳೇಕ್ಯಾತರು ಎನ್ನುತ್ತೇವೆ. 1909ರಲ್ಲಿ ಅಚ್ಚಾದ ಎಡ್ಗರ್ ಥರ್ಸ್ಟನ್ನನ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಪುಸ್ತಕದಲ್ಲಿ ಇವರ ವಿಷಯವಿದೆ. ಮನೆಯಲ್ಲಿ ಮರಾಠಿಗೆ ಹತ್ತಿರದ ಮಾತು. ಪರದೆಯ ಹಿಂದೆ ಕೂತರೆ ಊರಿನವರಿಗೆ ತಕ್ಕಂತೆ ಕನ್ನಡ, ಇಲ್ಲವೇ ತೆಲುಗು. ಆಟದ ಹಾಸ್ಯಗಾರ ಕನ್ನಡದ ಕಡೆ ಕಿಳ್ಳೇಕ್ಯಾತ, ತೆಲುಗಿನ ಕಡೆ ಕೇತಿಗಾಡು. ಆದರೆ ಅವನ ಜೊತೆಗಾತಿ ಎರಡೂ ಕಡೆ ಬಂಗಾರಕ್ಕನೇ! 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ರಾಯದುರ್ಗವನ್ನು ಆಂಧ್ರಕ್ಕೆ ಸೇರಿಸಿದರು. 2022ರಲ್ಲಿ ಮಡಕಶಿರ ಅನಂತಪುರ ಜಿಲ್ಲೆಯಿಂದ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಗಡಿ ಗೆರೆಗಳು ಎಷ್ಟು ಸಲ ಬದಲಾದರೂ ಬಂಗಾರಕ್ಕನ ಹೆಸರು ಬದಲಾಗಲಿಲ್ಲ.

ಈಗ ರಾವಣನ ಹುಟ್ಟನ್ನು ನೋಡೋಣ. ಧರ್ಮಾವರಂ ಮಂಡಲದ ನಿಮ್ಮಲಕುಂಟ ಎಂಬ ಊರಿನಲ್ಲಿ ಇಂದಿಗೂ ತೊಗಲು ಗೊಂಬೆ ಮಾಡುವ ಮನೆತನಗಳಿವೆ. ಚರ್ಮವನ್ನು ನೆನೆಸಿ, ಕೂದಲು ಹೆರೆದು, ಎಳೆದು ಕಟ್ಟಿ ಬಿಸಿಲಿಗೆ ಒಣಗಿಸುತ್ತಾರೆ. ಚಪ್ಪಲಿಗೆ ಹದ ಮಾಡುವ ಹಾಗೆ ಹದ ಮಾಡುವುದಿಲ್ಲ. ಆದ್ದರಿಂದ ಅದು ಬೆಳಕು ಹಾಯುವ ಹಾಳೆಯಂತಾಗುತ್ತದೆ. ಅದರ ಮೇಲೆ ಗೆರೆ ಬರೆದು, ಆಭರಣ ಬರುವ ಕಡೆಯೆಲ್ಲ ಸಣ್ಣ ಉಳಿಗಳಿಂದ ತೂತು ಹೊಡೆದು, ಎರಡೂ ಮಗ್ಗುಲಿಗೆ ಬಣ್ಣ ಹಾಕುತ್ತಾರೆ. ಸಾಮಾನ್ಯ ಗೊಂಬೆಗೆ ಒಂದು ಚರ್ಮ ಸಾಕು. ರಾವಣನಿಗೆ ಕಡಿಮೆಯೆಂದರೂ ನಾಲ್ಕು ಬೇಕು: ಮೈಗೆ ಒಂದು, ಕಾಲುಗಳಿಗೆ ಒಂದು, ಕೈಗಳ ಎರಡು ಗುಂಪಿಗೆ ಒಂದೊಂದು. ಹಿಂದೆ ದೇವರ ಗೊಂಬೆಗಳಿಗೆ ಹುಲ್ಲೆಯ ಚರ್ಮ, ಹೊಡೆದಾಡುವ ಭೀಮ ಮತ್ತು ರಾವಣರಿಗೆ ಗಟ್ಟಿಯಾದ ಜಿಂಕೆಯ ಚರ್ಮ, ಉಳಿದವರಿಗೆ ಮೇಕೆಯ ಚರ್ಮ ಎಂಬ ಪದ್ಧತಿ ಇತ್ತು. ಈಗ ಎಲ್ಲರಿಗೂ ಮೇಕೆಯದೇ. ಕನ್ನಡದ ಕಡೆಯ ಅನೇಕ ಗೊಂಬೆಗಳು ಚಿಕ್ಕವು, ಒಂದೇ ಚರ್ಮದಲ್ಲಿ ಕತ್ತರಿಸಿದವು. ನಿಮ್ಮಲಕುಂಟದ ಕಡೆಯವು ಆಳೆತ್ತರದವು, ಭುಜ, ಮೊಣಕೈ, ಮೊಣಕಾಲುಗಳಲ್ಲಿ ದಾರದ ಕೀಲು ಇರುವಂಥವು.

ನನ್ನ ಚಿಕ್ಕಂದಿನಲ್ಲಿ ಕೋಟೆ ಬೆಟ್ಟದ ಕೆಳಗಿನ ಬಯಲಿನಲ್ಲಿ ಎರಡು ಬಿಳಿ ಸೀರೆ ಜೋಡಿಸಿ ಪರದೆ ಕಟ್ಟುತ್ತಿದ್ದರು. ಹಿಂದೆ ದೀಪ. ಹರಳೆಣ್ಣೆಯ ದೀಪ ಹೋಗಿ ಗ್ಯಾಸ್ ಲೈಟು ಬಂದದ್ದು, ಅದೂ ಹೋಗಿ ಬಲ್ಬು ಬಂದದ್ದು ಹಿರಿಯರಿಗೆ ನೆನಪಿರಬಹುದು. ರಾವಣ ಬರುವ ಮುಂಚೆ ಪರದೆಯ ಹಿಂದೆ ಹಲಗೆಯ ಮೇಲೆ ಕಾಲಿನಿಂದ ದಡದಡ ಸದ್ದು. ಆಮೇಲೆ ಹತ್ತು ತಲೆ, ಇಪ್ಪತ್ತು ಕೈ ನಡುಗುತ್ತ ಒಳಗಿನಿಂದ ಉರಿಯುವ ಹಾಗೆ ಬಂದು ನಿಲ್ಲುತ್ತಿದ್ದವು. ನಾನು ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದೆ. ಮಳೆ ಹೋದ ವರ್ಷ ಮಳೆಗಾಗಿಯೇ ಆಟ ಆಡಿಸುವುದೂ ಇತ್ತು.

ಆಮೇಲೆ ಇನ್ನೊಂದು ಪರದೆ ಬಂತು. 1957ರ 'ಮಾಯಾಬಜಾರ್'ನಲ್ಲಿ ಎಸ್.ವಿ. ರಂಗಾರಾವ್ ಅವರ ಘಟೋತ್ಕಚನನ್ನು ನೋಡಿದ ಮೇಲೆ ತೊಗಲಿನ ರಾಕ್ಷಸನನ್ನು ನೋಡಲು ರಾತ್ರಿಯಿಡೀ ಯಾರು ಕೂರುತ್ತಾರೆ? ಟೆಂಟ್ ಸಿನಿಮಾ ಬಂತು, ಟಿ.ವಿ. ಬಂತು. ಆಟಕ್ಕೆ ಕರೆಯುವ ಊರುಗಳು ಕಡಿಮೆಯಾದವು. ಕಾಳುಕಡ್ಡಿ ಸಿಗದೆ ಹೋದಾಗ ಮನೆತನಗಳು ತಲೆಮಾರಿನ ಗೊಂಬೆಗಳನ್ನು ಮಾರತೊಡಗಿದವು. ಕೊಂಡವರಲ್ಲಿ ಒಳ್ಳೆಯವರೂ ಇದ್ದರು. ಕರ್ನಾಟಕ ಚಿತ್ರಕಲಾ ಪರಿಷತ್ತನ್ನು ಕಟ್ಟಿದ ಎಂ.ಎಸ್. ನಂಜುಂಡರಾವ್ ಊರೂರು ಸುತ್ತಿ ತೊಗಲು ಗೊಂಬೆಗಳನ್ನು ಕೂಡಿಸಿ ಬೆಂಗಳೂರಿನ ಪರಿಷತ್ತಿನಲ್ಲಿ ಇಟ್ಟರು, ಅವುಗಳ ಮೇಲೆ ಪುಸ್ತಕವನ್ನೂ ಬರೆದರು. ಆದರೆ ಎಷ್ಟೋ ಗೊಂಬೆಗಳು ಯಾವ ಊರಿನವು, ಯಾರು ಆಡಿಸಿದವು ಎಂಬ ಒಂದು ಸಾಲಿನ ಗುರುತೂ ಇಲ್ಲದೆ ವ್ಯಾಪಾರಿಗಳ ಕೈಯಿಂದ ಕೈಗೆ ಹೋದವು.

ಈಗ ನನ್ನ ತಪ್ಪಿನ ಮಾತು. ಬರ ಬಿದ್ದ ಒಂದು ವರ್ಷ, ಆಟದವನೊಬ್ಬ ನಮ್ಮ ತಂದೆಯ ಹತ್ತಿರ ಎರಡು ಮೂಟೆ ರಾಗಿ ತೆಗೆದುಕೊಂಡು, ಅಡವಿಗೆಂದು ತನ್ನ ರಾವಣನನ್ನು ಬಿಟ್ಟು ಹೋದ. ತಂದೆ ಅದನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟರು. ಅವರು ತೀರಿಕೊಂಡ ಮೇಲೆ ಒಂದು ದಸರೆಗೆ ನಾನು ಅದನ್ನು ಕೆಳಗಿಳಿಸಿದೆ. ಮಸಿ ಹಿಡಿದಿತ್ತು, ಅಲ್ಲಲ್ಲಿ ತೇಪೆ ಇತ್ತು. ಹೊಸದರಂತೆ ಮಾಡಿ ಕನ್ನಡಿ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕೋಣ, ಬಂದವರು ಬೆಲೆ ಕೇಳಲಿ ಎಂಬ ಆಸೆ. ಸೋಪಿನ ನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕಿದೆ. ಸಂಜೆಗೆ ನೋಡಿದರೆ ಕೆಂಡದ ಮೇಲಿನ ಹಪ್ಪಳದಂತೆ ಸುರುಟಿಕೊಂಡಿತ್ತು. ಬಣ್ಣ ಒಂದರೊಳಗೊಂದು ಇಳಿದಿತ್ತು.

ಕೆಲವು ವರ್ಷಗಳ ಮೇಲೆ ಒಬ್ಬ ಹುಡುಗ ಬಾಗಿಲಿಗೆ ಬಂದ. "ನಮ್ಮ ರಾವಣಾಸುರ ನಿಮ್ಮಲ್ಲಿ ಇದ್ದಾನಾ ಸ್ವಾಮಿ? ನಮ್ಮ ಅಪ್ಪ ಹೇಳಿ ಸತ್ತ. ರಾಗಿ ದುಡ್ಡು ತಂದಿದ್ದೀನಿ" ಎಂದ. ನಾನು ತೋರಿಸಿದೆ. ಅವನು ಬೈಯಲಿಲ್ಲ. ಬಿಡಿಸಲು ನೋಡಿದ, ಆಗಲಿಲ್ಲ. ದುಡ್ಡು ಬೇಡವೆಂದರೂ ಕಟ್ಟೆಯ ಮೇಲೆ ಇಟ್ಟು, ಗೊಂಬೆಯನ್ನು ತನ್ನ ಟವಲಿನಲ್ಲಿ ಸುತ್ತಿಕೊಂಡು, "ನೀರಿಗೆ ಬಿಡ್ತೀವಿ ಸ್ವಾಮಿ" ಎಂದು ಹೊರಟ. ಆಡಿಸಲಾಗದಷ್ಟು ಹಳತಾದ ಗೊಂಬೆಯನ್ನು ಶಾಸ್ತ್ರ ಮಾಡಿ ನೀರಿಗೆ ಬಿಡುವುದು ಅವರ ಪದ್ಧತಿ ಎಂದು ನನಗೆ ಆಮೇಲೆ ತಿಳಿಯಿತು. ಬದುಕಿದ್ದ ಗೊಂಬೆಗೆ ನಾನು ಆ ಗತಿ ತಂದಿದ್ದೆ.

ಆದ್ದರಿಂದ, ನಿಮ್ಮ ಅಟ್ಟದಲ್ಲಿ ಇಂಥದ್ದೊಂದು ಇದ್ದರೆ, ಇಲ್ಲವೇ ಯಾರಾದರೂ ಮಾರಲು ತಂದರೆ, ಹೇಗೆ ನೋಡಬೇಕು ಎಂದು ಹೇಳುತ್ತೇನೆ.

ಮೊದಲು ದೀಪದ ಮುಂದೆ ಹಿಡಿಯಿರಿ. ಹಗಲಿನಲ್ಲಿ ಮಂಕಾಗಿ ಕಾಣುವ ಗೊಂಬೆ ಬೆಳಕಿನಲ್ಲಿ ಹೊತ್ತಿಕೊಂಡಂತೆ ಕಂಡರೆ ಅದು ಆಟಕ್ಕೆ ಮಾಡಿದ ಗೊಂಬೆ. ಬೆಳಕು ಹಾಯದಿದ್ದರೆ, ಒಂದೇ ಮಗ್ಗುಲಿಗೆ ಬಣ್ಣ ಇದ್ದರೆ, ಅದು ಗೋಡೆಗೆಂದು ಮಾಡಿದ್ದು.

ಎರಡನೆಯದು ಕೀಲು. ದಾರದ ಗಂಟುಗಳನ್ನು ನೋಡಿ. ಆಡಿದ ಗೊಂಬೆಯಲ್ಲಿ ದಾರ ಹೋಗುವ ತೂತು ಸವೆದು ದುಂಡಗಾಗಿರುತ್ತದೆ, ದಾರ ಬದಲಾಯಿಸಿದ ಗುರುತಿರುತ್ತದೆ. ನಡುವಿನ ಸೀಳುಕಡ್ಡಿ, ಕೈಗಳಿಗೆ ಕಟ್ಟಿದ ಕಡ್ಡಿ ಉಳಿದಿದ್ದರೆ ಇನ್ನೂ ಒಳ್ಳೆಯದು. ಕಡ್ಡಿ ಕಿತ್ತು ಕನ್ನಡಿ ಕಟ್ಟು ಹಾಕಿದ್ದರೆ ಗೊಂಬೆಯ ಅರ್ಧ ಹೋಯಿತು.

ಮೂರನೆಯದು ತೂತುಗಳು. ಕೈಯಲ್ಲಿ ಹೊಡೆದ ತೂತುಗಳು ಒಂದೇ ಅಳತೆಗೆ ಇರುವುದಿಲ್ಲ. ಕಿರೀಟದಲ್ಲಿ ಒಂದು ಬಗೆ, ತೋಳಬಂದಿಯಲ್ಲಿ ಇನ್ನೊಂದು ಬಗೆ. ರಾವಣನ ಒಂದೊಂದು ತಲೆಯ ಕಣ್ಣು, ಮೀಸೆ, ಹಲ್ಲನ್ನೂ ಬೇರೆಬೇರೆಯಾಗಿ ನೋಡಿ. ಅವಸರದಲ್ಲಿ ಮಾಡಿದವನು ಮೊದಲ ತಲೆಗೆ ಮನಸ್ಸು ಕೊಟ್ಟು ಉಳಿದವನ್ನು ತೇಲಿಸಿರುತ್ತಾನೆ.

ನಾಲ್ಕನೆಯದು ಮಸಿ ಮತ್ತು ತೇಪೆ. ನಾನು ಕೊಳೆ ಎಂದುಕೊಂಡದ್ದು ದೀಪದ ಹೊಗೆ ಮತ್ತು ಕೈ ಬೆವರು. ತೇಪೆ ಹಾಕಿದ್ದಾರೆ ಎಂದರೆ ಆ ಗೊಂಬೆ ಅವರಿಗೆ ಬೇಕಾಗಿತ್ತು ಎಂದು ಅರ್ಥ. ಆದರೆ ಮಸಿಯೊಂದನ್ನೇ ನಂಬಬೇಡಿ. ಹೊಸ ಚರ್ಮಕ್ಕೆ ಹೊಗೆ ಹಿಡಿಸುವುದು ಕಷ್ಟದ ಕೆಲಸವೇನಲ್ಲ. ಮಸಿ ಇದ್ದು ಕೀಲು ಸವೆದಿಲ್ಲವಾದರೆ ಅನುಮಾನ ಪಡಿ. ನೀರು, ಸೋಪು, ಎಣ್ಣೆ, ವಾರ್ನಿಷ್ ಯಾವುದನ್ನೂ ಮುಟ್ಟಿಸಬೇಡಿ. ಒಣ ಹತ್ತಿಬಟ್ಟೆಯ ನಡುವೆ ಚಪ್ಪಟೆಯಾಗಿ, ಬಿಸಿಲು ಮತ್ತು ಇಲಿಗೆ ದೂರವಾಗಿ ಇಡಿ.

ಐದನೆಯದು ಎಲ್ಲಕ್ಕಿಂತ ದೊಡ್ಡದು: ಗೊಂಬೆಯ ಕಥೆ. ಯಾವ ಊರು, ಯಾರ ಮನೆತನ, ಯಾವ ಪ್ರಸಂಗ, ನಮ್ಮ ಕೈಗೆ ಹೇಗೆ ಬಂತು. ಮೊಮ್ಮಗನ ಗೊಂಬೆಗೆ ಪೆಟ್ಟಿಗೆಯೇ ಗುರುತಿನ ಚೀಟಿ. ನಮ್ಮ ರಾವಣನಿಗೆ ಗುರುತಿನ ಚೀಟಿ ಎಂದರೆ ಹಿರಿಯರ ನೆನಪು. ಸಿನಿಮಾದ ಗೊಂಬೆಗೆ ಯಾರೂ ಮುಟ್ಟದಿದ್ದರೆ ಬೆಲೆ. ತೊಗಲಿನ ರಾವಣನಿಗೆ ಸಾವಿರ ಸಲ ಸತ್ತು ಎದ್ದಿದ್ದರೆ ಬೆಲೆ.

ಕಾನೂನಿನ ಎರಡು ಮಾತು. ನೂರು ವರ್ಷ ದಾಟಿದ ಕಲಾವಸ್ತುಗಳು 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತುಗಳು. ಅವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಅದೇ ವರ್ಷದ ವನ್ಯಜೀವಿ ಕಾಯ್ದೆಯಿಂದಾಗಿ ಜಿಂಕೆ, ಹುಲ್ಲೆಗಳ ಚರ್ಮದ ವ್ಯಾಪಾರವೂ ಅಪಾಯದ್ದೇ. "ಅಸಲಿ ಜಿಂಕೆ ಚರ್ಮ" ಎಂದು ಹೊಗಳಿ ಹೊಸ ಗೊಂಬೆ ಮಾರುವವನು ಸಿಕ್ಕರೆ ದೂರ ಇರಿ.

ಹೊಸದು ಬೇಕಾದರೆ ನಾಚಿಕೆಯಿಲ್ಲದೆ ಹೊಸದನ್ನೇ ಕೊಳ್ಳಿ. ಆಂಧ್ರದ ತೊಗಲು ಗೊಂಬೆಗೆ 2008ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ನಿಮ್ಮಲಕುಂಟದ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ, ಕೊಪ್ಪಳ ಸೀಮೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ರಾಯದುರ್ಗದ ಪಕ್ಕದ ಬಳ್ಳಾರಿಯಲ್ಲಿ ಗಾಂಧೀಜಿಯ ಕಥೆಯನ್ನೂ ತೊಗಲು ಗೊಂಬೆಯಲ್ಲಿ ಆಡಿಸಿ ತೋರಿಸಿದ ಬೆಳಗಲ್ಲು ವೀರಣ್ಣನವರು 2023ರಲ್ಲಿ ತೀರಿಕೊಂಡರು. ಇಂದು ಈ ಕುಶಲಿಗರಲ್ಲಿ ಬಹಳ ಮಂದಿಯ ಅನ್ನ ದೀಪದ ಬುರುಡೆ, ಗೋಡೆಯ ಚಿತ್ರಗಳಿಂದ ಬರುತ್ತದೆ. ಅದು ತಪ್ಪಲ್ಲ. ಆದರೆ ನೀವು ರಾವಣನನ್ನು ಕೊಳ್ಳುವಾಗ ಕಡ್ಡಿ ಕಟ್ಟಿದ, ಕೈ ಆಡುವ ರಾವಣನನ್ನೇ ಕೇಳಿ. ಕೇಳುವವರಿದ್ದರೆ ಕೀಲು ಕಟ್ಟುವ ವಿದ್ಯೆ ಉಳಿಯುತ್ತದೆ.

ಇದನ್ನೆಲ್ಲ ಕೇಳಿದ ಮೊಮ್ಮಗ, "ಆ ಹುಡುಗ ಮತ್ತೆ ಬರಲಿಲ್ವಾ ತಾತಾ?" ಎಂದ. ಬರಲಿಲ್ಲ. ನಾನು ಅವನ ಹೆಸರನ್ನೂ ಕೇಳಿರಲಿಲ್ಲ, ಊರನ್ನೂ ಕೇಳಿರಲಿಲ್ಲ.

ನೀವು ಕೇಳಿ. ನಿಮ್ಮ ಮನೆಯ ಹಿರಿಯರು ಇರುವಾಗಲೇ ಕೇಳಿ, ಒಂದು ಹಾಳೆಯಲ್ಲಿ ಬರೆದು ಗೊಂಬೆಯ ಜೊತೆಗಿಡಿ. ಕನ್ನಡದಲ್ಲಾದರೂ ಸರಿ, ತೆಲುಗಿನಲ್ಲಾದರೂ ಸರಿ.