ದೇವನಹಳ್ಳಿಯಿಂದ ಹಾರಿದ ಹೊಗೆ ಯಾರ ಖಾತೆಗೆ?

ಇವತ್ತಿನ ಸಂಚಿಕೆ ಒಂದು ಲೆಕ್ಕದ ಇತಿಹಾಸ.

ದೇವನಹಳ್ಳಿ ಏರ್‌ಪೋರ್ಟ್‌ನಿಂದ ಎರಡು ವಿಮಾನ ಹೊರಡ್ತವೆ ಅಂದ್ಕೊಳ್ಳಿ. ಒಂದು ಮುಂಬೈಗೆ, ಇನ್ನೊಂದು ದುಬೈಗೆ. ಅದೇ ರನ್‌ವೇ, ಅದೇ ಇಂಧನ. ಮುಂಬೈ ವಿಮಾನ ಬಿಟ್ಟ ಕಾರ್ಬನ್ ಡೈಆಕ್ಸೈಡ್ ಭಾರತದ ಲೆಕ್ಕಕ್ಕೆ ಸೇರುತ್ತೆ. ದುಬೈ ವಿಮಾನದ್ದು? ವಿಶ್ವಸಂಸ್ಥೆಗೆ ಕೊಡುವ ವರದಿಯಲ್ಲಿ ಅದನ್ನ ಪ್ರತ್ಯೇಕವಾಗಿ ಬರೀತಾರೆ, ಆದ್ರೆ ದೇಶದ ಒಟ್ಟು ಮೊತ್ತಕ್ಕೆ ಕೂಡಿಸಲ್ಲ. ಅಂಗಡಿ ಭಾಷೆಯಲ್ಲಿ ಹೇಳೋದಾದ್ರೆ, ಚೀಟಿಯಲ್ಲಿ ಇದೆ, ಖಾತೆ ಪುಸ್ತಕಕ್ಕೆ ಏರಿಲ್ಲ.

ಮೊದಲು ಭೂಮಿ ಯಾಕೆ ಬಿಸಿಯಾಗ್ತಿದೆ ಅಂತ ನೋಡೋಣ. ಕೆಲವು ಅನಿಲಗಳು ಶಾಖವನ್ನ ಹಿಡಿದಿಡುತ್ತವೆ ಅಂತ ಜಾನ್ ಟಿಂಡಲ್ 1859ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಎರಡು ಪಟ್ಟಾದರೆ ಭೂಮಿ ಎಷ್ಟು ಬಿಸಿಯಾಗುತ್ತೆ ಅಂತ 1896ರಲ್ಲಿ ಸ್ವೀಡನ್ನಿನ ಅರೀನಿಯಸ್ ಲೆಕ್ಕ ಹಾಕಿದರು. ಕಾರ್ಖಾನೆಗಳ ಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಈ ಅನಿಲ ಸುಮಾರು 280 ಭಾಗ ಇತ್ತು. ಈಗ 420 ದಾಟಿದೆ. ಮುಖ್ಯ ಕಾರಣ ಕಲ್ಲಿದ್ದಲು, ತೈಲ, ಅನಿಲ ಸುಡೋದು, ಜೊತೆಗೆ ಕಾಡು ಕಡಿಯೋದು.

ವಿಮಾನದ ಪಾಲು ಎಷ್ಟು? ಒಂದು ಕೆಜಿ ಇಂಧನ ಸುಟ್ಟರೆ ಸುಮಾರು 3.16 ಕೆಜಿ ಕಾರ್ಬನ್ ಡೈಆಕ್ಸೈಡ್ ಬರುತ್ತೆ. ಒಂದು ಕೆಜಿ ಮೂರು ಕೆಜಿ ಹೇಗಾಯ್ತು ಅಂತೀರಾ? ಇಂಧನದಲ್ಲಿರೋ ಇಂಗಾಲ ಗಾಳಿಯಿಂದ ಆಮ್ಲಜನಕ ಎಳ್ಕೊಳ್ಳುತ್ತೆ, ಅದರ ತೂಕವೂ ಸೇರುತ್ತೆ. ಜಗತ್ತಿನ ಒಟ್ಟು ಲೆಕ್ಕದಲ್ಲಿ ವಿಮಾನಗಳದ್ದು ಸುಮಾರು ಶೇ. 2.5. ಸಣ್ಣದು ಅನ್ನಿಸಬಹುದು. ಆದ್ರೆ ಜಗತ್ತಿನ ಬಹುಪಾಲು ಜನ ವರ್ಷದಲ್ಲಿ ಒಂದು ಸಲವೂ ವಿಮಾನ ಹತ್ತಲ್ಲ.

ಈಗ ಖಾತೆಯ ಕಥೆಗೆ ಬರೋಣ. 1944ರಲ್ಲಿ ಶಿಕಾಗೋದಲ್ಲಿ 52 ದೇಶಗಳು ವಿಮಾನಯಾನ ಒಪ್ಪಂದಕ್ಕೆ ಸಹಿ ಹಾಕಿದವು. ಬಂದಿಳಿದ ವಿಮಾನದ ಟ್ಯಾಂಕ್‌ನಲ್ಲಿರೋ ಇಂಧನಕ್ಕೆ ಸುಂಕ ಹಾಕಬಾರದು ಅನ್ನೋದು ಅದರಲ್ಲಿದ್ದ ಒಂದು ನಿಯಮ. 1992ರಲ್ಲಿ ರಿಯೊ ಸಮ್ಮೇಳನ ನಡೆಯಿತು. ಜವಾಬ್ದಾರಿ ಎಲ್ಲರದೂ ಹೌದು, ಆದ್ರೆ ಮೊದಲೇ ಹೆಚ್ಚು ಹೊಗೆ ಬಿಟ್ಟವರು ಹೆಚ್ಚು ಹೊರಬೇಕು ಅನ್ನೋದು ಅಲ್ಲಿಯ ತತ್ವ. 1997ರಲ್ಲಿ ಕ್ಯೋಟೋ ಒಪ್ಪಂದ ಬಂತು, ಶ್ರೀಮಂತ ದೇಶಗಳಿಗೆ ಗುರಿ ನಿಗದಿಯಾಯ್ತು. ಆದ್ರೆ ಅಂತರರಾಷ್ಟ್ರೀಯ ವಿಮಾನದ ಹೊಗೆ ಯಾರದು? ಇಂಧನ ಮಾರಿದ ದೇಶದ್ದಾ, ವಿಮಾನ ಕಂಪನಿಯ ದೇಶದ್ದಾ, ಪ್ರಯಾಣಿಕರದ್ದಾ? ಒಮ್ಮತ ಆಗಲೇ ಇಲ್ಲ. ಅದನ್ನ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮೂಲಕ ನೋಡ್ಕೊಳ್ಳಿ ಅಂತ ದಾಟಿಸಿಬಿಟ್ಟರು.

ಕ್ಯೋಟೋ ಒಪ್ಪಂದ ಜಾರಿಗೆ ಬಂದದ್ದು 2005ರ ಫೆಬ್ರವರಿಯಲ್ಲಿ. ಅದೇ ವರ್ಷ ದೇವನಹಳ್ಳಿಯಲ್ಲಿ ಏರ್‌ಪೋರ್ಟ್ ಕಾಮಗಾರಿ ಶುರುವಾಯ್ತು. ಶ್ರೀಮಂತ ದೇಶಗಳ ಗುರಿಯ ಮೊದಲ ಅವಧಿ ಆರಂಭವಾದದ್ದು 2008ರಲ್ಲಿ. ಆ ವರ್ಷದ ಮೇ 24ಕ್ಕೆ ಇಲ್ಲಿಂದ ವಿಮಾನ ಹಾರಾಟ ಶುರುವಾಯ್ತು. 2024-25ರಲ್ಲಿ ಇಲ್ಲಿ ಓಡಾಡಿದ ಪ್ರಯಾಣಿಕರ ಸಂಖ್ಯೆ 4 ಕೋಟಿ ದಾಟಿದೆ.

2015ರ ಪ್ಯಾರಿಸ್ ಒಪ್ಪಂದದಲ್ಲಿ ವಿಮಾನ ಅನ್ನೋ ಮಾತೇ ಇಲ್ಲ. ಮರುವರ್ಷ ವಿಮಾನಯಾನ ಸಂಸ್ಥೆ 'ಕೋರ್ಸಿಯಾ' ಅನ್ನೋ ಯೋಜನೆ ತಂತು. 2019ರ ಹೊಗೆಯ ಶೇ. 85ನ್ನ ಗೆರೆ ಅಂತ ಇಟ್ಟಿದ್ದಾರೆ. ಇಡೀ ವಲಯ ಆ ಗೆರೆ ದಾಟಿದಷ್ಟಕ್ಕೆ ಕಂಪನಿಗಳು ಕಾರ್ಬನ್ ಕ್ರೆಡಿಟ್ ಕೊಳ್ಳಬೇಕು. ಅಂದ್ರೆ ಗೆರೆಯೊಳಗಿನ ಸಾಲ ಹಾಗೇ ಇರಲಿ, ಮೇಲಿನದಕ್ಕೆ ಮಾತ್ರ ಬೇರೆಯವರ ಉಳಿತಾಯ ಕೊಂಡು ತೋರಿಸಿ ಅಂತ. ಮೊದಲ ಹಂತಗಳು ಸ್ವಇಚ್ಛೆಯವು, ಭಾರತ ಸೇರಲಿಲ್ಲ. ಆಕಾಶಕ್ಕೆ ಮೊದಲು ಹೊಗೆ ತುಂಬಿದವರು ನಾವಲ್ಲ ಅನ್ನೋ ವಾದದಲ್ಲಿ ನ್ಯಾಯ ಇದೆ. 2027ರಿಂದ ನಮಗೂ ಕಡ್ಡಾಯ.

ನಮ್ಮ ಏರ್‌ಪೋರ್ಟ್‌ಗೆ ಕಾರ್ಬನ್ ನಿರ್ವಹಣೆಯಲ್ಲಿ ಅತ್ಯುನ್ನತವಾದ 5ನೇ ಹಂತದ ಮಾನ್ಯತೆ ಸಿಕ್ಕಿದೆ. ಒಳ್ಳೆಯ ಕೆಲಸ, ಮೆಚ್ಚಬೇಕು. ಆದ್ರೆ ಏರ್‌ಪೋರ್ಟ್ ತನ್ನದು ಅಂತ ಕಡಿಮೆ ಮಾಡಿ ತೋರಿಸೋದು ಮುಖ್ಯವಾಗಿ ಕಟ್ಟಡ, ವಿದ್ಯುತ್, ಸ್ವಂತ ವಾಹನಗಳ ಹೊಗೆಯನ್ನ. ಮೇಲೆ ಹಾರಿದ ವಿಮಾನ ಸುಟ್ಟ ಇಂಧನ ಇನ್ನೊಬ್ಬರ ಬಾಬ್ತು.

ಇದರಿಂದ ದೇವನಹಳ್ಳಿಯವರಿಗೇನು? ಇಲ್ಲಿ ವರ್ಷಪೂರ್ತಿ ಹರಿಯೋ ನದಿ ಇಲ್ಲ. ರಾಗಿಗೆ ಮಳೆ, ದ್ರಾಕ್ಷಿಗೆ ಬೋರ್‌ವೆಲ್. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು. ಹಾಗಾಗಿ ಬಂದರೆ ಒಂದೇ ಸಲ ಜಡಿಮಳೆ, ಇಲ್ಲದಿದ್ದರೆ ನೆಲ ಬೇಗ ಒಣಗುತ್ತೆ. ವಿಮಾನದ ಹೊಗೆ ಖಾತೆಗೆ ಏರದೇ ಇರಬಹುದು, ಆದ್ರೆ ಅದರ ಬಡ್ಡಿ ಕಟ್ಟೋರಲ್ಲಿ ವಿಮಾನ ಹತ್ತದ ರೈತರೂ ಇದ್ದಾರೆ.

ಹಾರಾಟ ನಿಲ್ಲಿಸಿ ಅಂತ ನಾನು ಹೇಳ್ತಿಲ್ಲ. ಮೊದಲು ಯಾರದೋ ಒಬ್ಬರ ಹೆಸರಿಗೆ ಬರೆಯಿರಿ. ಹೆಸರಿಲ್ಲದ ಸಾಲವನ್ನ ಯಾರೂ ತೀರಿಸಲ್ಲ. ಮುಂದಿನ ಸಂಚಿಕೆಯಲ್ಲಿ ಸಿಗೋಣ.