ಕಲ್ಲಾದ ರಬ್ಬರು, ಮುಲಾಮಿನ ವಾಸನೆ

ಹದಿನೈದು ವರ್ಷ ಶೆಡ್ಡಿನಲ್ಲಿ ನಿಂತಿದ್ದ ಅಪ್ಪನ ಜಾವಾ ಎರಡೇ ಭಾನುವಾರದಲ್ಲಿ ಸ್ಟಾರ್ಟ್ ಆಯ್ತು. ಕೈಕೊಟ್ಟಿದ್ದು ಎಂಜಿನ್ ಅಲ್ಲ, ರಬ್ಬರು. ಟ್ಯಾಂಕಿನ ಎರಡೂ ಪಕ್ಕ ಮಂಡಿ ಒರಗಿಸೋ ಪ್ಯಾಡುಗಳು ಕಲ್ಲಾಗಿದ್ದವು. ಹೊಸದು ಸಿಗುತ್ತೆ, ಬದಲಾಯಿಸಿಬಿಡಿ ಅಂದರು ಮೆಕ್ಯಾನಿಕ್. ಆದರೆ ಬಲಗಡೆ ಪ್ಯಾಡಿನ ಗೆರೆಗಳು ಅಪ್ಪನ ಮಂಡಿ ತಾಗಿ ತಾಗಿ ನುಣ್ಣಗಾಗಿವೆ. ಅದು ಹೊಸದರಲ್ಲಿ ಎಲ್ಲಿ ಬರುತ್ತೆ ಹೇಳಿ?

ರಬ್ಬರ್ ಯಾಕೆ ಕಲ್ಲಾಗುತ್ತೆ? ಉತ್ತರ ಬೇಕಂದ್ರೆ 1839ಕ್ಕೆ ಹೋಗಬೇಕು. ಆಗಿನ ರಬ್ಬರಿಗೆ ಎರಡು ರೋಗ: ಬೇಸಿಗೆಯಲ್ಲಿ ಅಂಟಂಟು, ಚಳಿಗೆ ಪುಡಿಪುಡಿ. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಇದಕ್ಕೆ ಮದ್ದು ಹುಡುಕುತ್ತಾ ಮನೆಮಠ ಕಳೆದುಕೊಂಡಿದ್ದ, ಸಾಲಕ್ಕೆ ಜೈಲೂ ಕಂಡಿದ್ದ. ಗಂಧಕ ಬೆರೆಸಿದ ರಬ್ಬರು ಬಿಸಿ ಒಲೆ ಮೇಲೆ ಬಿದ್ದಾಗ ಕರಗದೆ ಗಟ್ಟಿಯಾಯ್ತು ಅನ್ನೋದು ಪ್ರಸಿದ್ಧ ಕಥೆ. 1844ರಲ್ಲಿ ಪೇಟೆಂಟ್ ಸಿಕ್ಕಿತು, ದುಡ್ಡು ದಕ್ಕಲಿಲ್ಲ. 1860ರಲ್ಲಿ ಸಾಲಗಾರನಾಗೇ ಸತ್ತ. 1898ರಲ್ಲಿ ಶುರುವಾದ ಟೈರ್ ಕಂಪನಿ ಅವನ ಹೆಸರು ಇಟ್ಟುಕೊಂಡಿತು ಅಷ್ಟೆ, ಅವನದಲ್ಲ.

ಗಂಧಕ ಮಾಡಿದ್ದಿಷ್ಟು: ರಬ್ಬರಿನ ಉದ್ದುದ್ದ ಎಳೆಗಳ ನಡುವೆ ಸೇತುವೆ ಕಟ್ಟಿತು. ಎಳೆದರೆ ಹಿಗ್ಗುತ್ತೆ, ಬಿಟ್ಟರೆ ವಾಪಸ್. ತಮಾಷೆ ಅಂದ್ರೆ ಕೆಲಸ ಅಲ್ಲಿಗೇ ನಿಲ್ಲಲ್ಲ. ವರ್ಷಗಟ್ಟಲೆ ಬಿಸಿಲು, ಗಾಳಿ ಸೋಕಿ ಇನ್ನಷ್ಟು ಸೇತುವೆಗಳು ಹುಟ್ಟುತ್ತವೆ, ಎಳೆಗಳು ಅಲುಗಾಡೋಕೇ ಜಾಗ ಇರಲ್ಲ. ರಬ್ಬರನ್ನ ಬದುಕಿಸಿದ್ದೇ ಕೊನೆಗೆ ಅದನ್ನ ಕಲ್ಲು ಮಾಡುತ್ತೆ.

ಹಳೇ ಗಾಡಿಯವರ ಮದ್ದು ವಿಂಟರ್‌ಗ್ರೀನ್ ಎಣ್ಣೆ. ನೀಲಗಿರಿ ಬೆಟ್ಟದಲ್ಲೂ ಬೆಳೆಯೋ ಗಿಡದ ಎಲೆಯಿಂದ ಇಳಿಸ್ತಾರೆ, ಊಟಿ ಅಂಗಡಿಗಳಲ್ಲಿ ಸಿಗುತ್ತೆ. ಒಂದು ಪಾಲು ಎಣ್ಣೆಗೆ ಮೂರು ಪಾಲು ಕ್ಸೈಲೀನ್ ಸೇರಿಸಿ ರಬ್ಬರನ್ನ ಮುಳುಗಿಸಿಡೋದು. ಕ್ಸೈಲೀನ್ ಬೇಗ ಹೊತ್ತಿಕೊಳ್ಳುತ್ತೆ, ಹೊಗೆಯೂ ಕೆಟ್ಟದ್ದು. ಹಾಗಾಗಿ ಬಯಲಲ್ಲಿ, ಗ್ಲೌಸ್ ಹಾಕ್ಕೊಂಡೇ ಮಾಡಿ. ಆಗಾಗ ತೆಗೆದು ಒತ್ತಿ ನೋಡಿ, ಜಾಸ್ತಿ ನೆನೆದರೆ ಊದಿಕೊಳ್ಳುತ್ತೆ. ಟೈರು, ಪೆಟ್ರೋಲ್ ಪೈಪಿಗೆ ಮಾತ್ರ ಈ ಆಟ ಬೇಡ, ಹೊಸದೇ ಹಾಕಿ.

ನಾನು ಮಾಡಿದ ದಿನ ಮನೆಯೆಲ್ಲ ನೋವಿನ ಮುಲಾಮಿನ ವಾಸನೆ. ಮುಲಾಮಿನಲ್ಲಿರೋದೂ ಅದೇ ಮಿಥೈಲ್ ಸ್ಯಾಲಿಸಿಲೇಟ್. ಮಂಡಿನೋವಿಗೆ ಅಪ್ಪ ಹಚ್ಚಿಕೊಳ್ಳುತ್ತಿದ್ದದ್ದೂ ಅದನ್ನೇ.

ಪ್ಯಾಡು ಮೆತ್ತಗಾಯ್ತು. ವಾಸಿಯಾಯ್ತು ಅನ್ನಲಾರೆ. ಎಣ್ಣೆ ಎಳೆಗಳ ನಡುವೆ ಜಾರಿ ಕೂತಿದೆ ಅಷ್ಟೆ, ಸೇತುವೆ ಒಂದೂ ಮುರಿದಿಲ್ಲ. ಎಣ್ಣೆ ಆರಿದ ಮೇಲೆ ಮತ್ತೆ ಗಟ್ಟಿಯಾಗುತ್ತೆ.

1961ರಲ್ಲಿ ಮೈಸೂರಲ್ಲಿ ಜಾವಾ ತಯಾರಿಸೋಕೆ ಶುರುಮಾಡಿದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು. ನಾನು ಫುಟ್‌ರೆಸ್ಟ್ ರಬ್ಬರು ಹೊಸದು ಹಾಕಿಸಿದೆ, ಅಲ್ಲಿ ಕಾಲು ಜಾರಬಾರದು. ಮಂಡಿ ಪ್ಯಾಡು ಹಳೇದೇ ಇರಲಿ. ಗಟ್ಟಿಯಾದಾಗ ಮತ್ತೆ ನೆನೆಸಿದರಾಯ್ತು.